ಹಿಂದುಳಿಯುವ ವಿಮಾನ

ಮುಂದಿನ ಎಡಚಕ್ರದ ಕೆಳಗೆ ನಿಂಬೆಹಣ್ಣು ಇಡದೆ ದಾನಮ್ಮ ಎಂದೂ ಲಾರಿ ಹೊರಡಿಸಿದವಳಲ್ಲ. ಗಂಟೆಗೆ ನಾನೂರು ಕಿಲೋಮೀಟರ್ ಓಡುವ ಗಾಡಿಗೆ ಒಂದು ನಿಂಬೆಹಣ್ಣು ಏನು ಕಾವಲು ಎಂದು ನಗುವವರು ನಗಲಿ. ಅವಳೂ ನಗುತ್ತಿದ್ದಳು, ಆದರೆ ಹಣ್ಣು ಇಟ್ಟೇ ನಗುತ್ತಿದ್ದಳು.

ಆ ಲಾರಿಯ ಬೆನ್ನ ಮೇಲೆ ಸರಕು ತುಂಬುವ ಡಬ್ಬಿ ಇರಲಿಲ್ಲ. ಗುಜರಿಗೆ ಹೋಗಬೇಕಿದ್ದ ಯುದ್ಧವಿಮಾನವೊಂದರ ಜೆಟ್ ಎಂಜಿನ್ ಇತ್ತು. ಚಕ್ರ ತಿರುಗಿಸುವುದು ಆ ಎಂಜಿನ್ನಿನ ಕೆಲಸವಲ್ಲ. ಅದು ಹಿಂದಕ್ಕೆ ಬೆಂಕಿ ಉಗುಳಿ ಇಡೀ ಲಾರಿಯನ್ನು ಮುಂದಕ್ಕೆ ನೂಕುತ್ತದೆ, ಚಕ್ರಗಳು ತಮ್ಮ ಪಾಡಿಗೆ ಉರುಳಿಕೊಂಡು ಹೋಗಬೇಕು. ಆ ವೇಗದಲ್ಲಿ ಬ್ರೇಕ್ ಒತ್ತಿದರೆ ಬ್ರೇಕೇ ಸುಟ್ಟುಹೋಗುತ್ತದೆ. ಅದಕ್ಕೇ ನಿಲ್ಲಿಸಲೆಂದು ಹಿಂಬದಿಯಲ್ಲಿ ಎರಡು ಪ್ಯಾರಾಚೂಟುಗಳು, ಒಂದು ಬಿಚ್ಚದಿದ್ದರೆ ಇನ್ನೊಂದು ಇರಲಿ ಎಂದು. ಅವುಗಳ ಕೆಳಗಿನ ಹಲಗೆಯ ಮೇಲೆ 'ನಿಧಾನವೇ ಪ್ರಧಾನ' ಎಂದು ಬರೆದಿತ್ತು. ಪ್ರತಿ ಭಾನುವಾರ ಆ ಬರಹ ಸುಟ್ಟು ಕರಕಲಾಗುತ್ತಿತ್ತು, ಪ್ರತಿ ಶನಿವಾರ ದಾನಮ್ಮ ಮತ್ತೆ ಬರೆಯುತ್ತಿದ್ದಳು.

ಆ ಕಾಲಕ್ಕೆ ರಸ್ತೆಯ ಲಾರಿಗಳಿಗೂ ಆಕಾಶದ ವಿಮಾನಗಳಿಗೂ ಸದ್ದು ಹೋಗಿ ಬಹಳ ವರ್ಷಗಳಾಗಿದ್ದವು. ಎಲ್ಲವೂ ಬ್ಯಾಟರಿಯವು, ಎಲ್ಲವೂ ತಾವೇ ಓಡುವವು. ಹಾಗಾಗಿ ಜನ ದುಡ್ಡು ಕೊಟ್ಟು ಸದ್ದು ಕೇಳಲು ಬರುತ್ತಿದ್ದರು. ವಿಜಯಪುರದ ಪಶ್ಚಿಮಕ್ಕೆ, ಕರಿಮಣ್ಣಿನ ಬಯಲಿನಲ್ಲಿ ಯಾವುದೋ ಯುದ್ಧಕಾಲದಲ್ಲಿ ಹಾಕಿ ಮರೆತುಹೋದ, ಕರಿಹಾಳವೆಂಬ ಹಳ್ಳಿಯ ರನ್‌ವೇ ಇತ್ತು. ಅಲ್ಲಿ ವಾರಕ್ಕೊಮ್ಮೆ ಗಗನಮೇಳ ನಡೆಯುತ್ತಿತ್ತು. ಗಾಳಿಪಟದಂಥ ಸಣ್ಣ ವಿಮಾನಗಳ ಕಸರತ್ತು, ಹಗ್ಗವಿಲ್ಲದೆ ಜಿಗಿಯುವವರ ಸಾಹಸ, ಕೊನೆಗೆ ಎಲ್ಲರೂ ಕಾದಿರುವ ಪಂದ್ಯ: ದಾನಮ್ಮನ ಬೆಂಕಿಲಾರಿಗೂ 'ಮುದುಕ'ನಿಗೂ ಓಟ.

ಮುದುಕ ಎಂದರೆ ಮೇಳದವರು ಮುದ್ದಿನಿಂದ ಕರೆಯುತ್ತಿದ್ದ ಹಳೆಯ ಯುದ್ಧವಿಮಾನ. ಅದು ಹಿಂದಿನಿಂದ, ಮರದೆತ್ತರದಲ್ಲಿ ಹಾರಿ ಬರುತ್ತದೆ. ಓಟ ಶುರುವಾಗುವ ಬಿಳಿಗೆರೆಯ ಮೇಲೆ ಅದರ ಸದ್ದು ಬಿದ್ದ ತಕ್ಷಣ ನಿಂತಿದ್ದ ಲಾರಿ ಚಿಮ್ಮಬೇಕು. ಇಳಿಹೊತ್ತಿನ ಬಿಸಿಲು ಬೆನ್ನ ಹಿಂದೆ ಇರುತ್ತಿದ್ದುದರಿಂದ ದಾನಮ್ಮನಿಗೆ ವಿಮಾನ ಕಾಣುವ ಮೊದಲು ಅದರ ನೆರಳು ಕಾಣುತ್ತಿತ್ತು. ನೆರಳು ಬಲಗಡೆಯಿಂದ ತೆವಳಿ ಬಂದು ಅವಳ ಬಾನೆಟ್ಟಿನ ಮೇಲೆ ಮೂಗು ಇಡುತ್ತಿತ್ತು. ಅಲ್ಲಿಂದ ಮುಂದಕ್ಕೆ ಒಂದು ಮಾರೂ ಹೋಗುತ್ತಿರಲಿಲ್ಲ. ಗೆಲುವಿನ ಗೆರೆ ದಾಟಿ ಅವಳು ಪ್ಯಾರಾಚೂಟಿನ ಸನ್ನೆಕೋಲು ಎಳೆದ ಮರುಕ್ಷಣ ಆ ನೆರಳು ಎಡಕ್ಕೂ ಬಲಕ್ಕೂ ವಾಲಿ, ಆಮೇಲೆ ಅವಳನ್ನು ದಾಟಿ ಊರಿನ ಕಡೆಗೆ ಹೋಗುತ್ತಿತ್ತು.

ನಾಲ್ಕು ವರ್ಷ ಆ ವಿಮಾನ ಹಾರಿಸಿದವರು ಅವಳ ಅಪ್ಪ, ವಿಂಗ್ ಕಮಾಂಡರ್ ವೀರಭದ್ರಪ್ಪ ಹೊನವಾಡ. ನಿವೃತ್ತರಾದ ಮೇಲೆ ಮನೆಯಲ್ಲಿ ಕೂತು ಹೆಂಡತಿಯ ಅಡುಗೆಗೆ ಉಪ್ಪು ಕಮ್ಮಿ ಎನ್ನುತ್ತ ಇದ್ದವರನ್ನು ಮೇಳದ ಮಾಲೀಕ ಪಾಟಣಕರ ಕರೆತಂದಿದ್ದ. ದಾನಮ್ಮನದು ಬೇರೆ ಕಥೆ. ವಾಯುಸೇನೆ ಸೇರಲು ಹೋಗಿ, ಎಡಗಿವಿ ಮಂದ ಎಂದು ವೈದ್ಯರು ಹಿಂದಕ್ಕೆ ಕಳಿಸಿದ ಹುಡುಗಿ ಅವಳು. ಹಾರಲು ಬಾರದಿದ್ದರೆ ಹಾರುವುದನ್ನು ಸೋಲಿಸುತ್ತೇನೆ ಎಂದು ಹಟ ಹಿಡಿದು ಈ ಲಾರಿ ಕಟ್ಟಿದ್ದಳು. ಪಂದ್ಯಕ್ಕೆ ಮೊದಲು ಅಪ್ಪನ ಕೈಹಿಡಿದು ಒಂದು ಆಣೆ ಹಾಕಿಸಿಕೊಂಡಿದ್ದಳು, ಸೋತರೆ ಸೋತಂತೆ, ಗೆದ್ದರೆ ಗೆದ್ದಂತೆ, ಮಗಳೆಂದು ನೋಡಬಾರದು. ಅವರು ನಕ್ಕು ಆಣೆ ಹಾಕಿದ್ದರು. ನಾಲ್ಕು ವರ್ಷದಲ್ಲಿ ಅವಳು ಒಂದು ಪಂದ್ಯವನ್ನೂ ಸೋಲಲಿಲ್ಲ. ಪ್ರತಿ ಸಲ ಗೆರೆ ದಾಟಿದಾಗ ಬಲಗಿವಿಯ ರೇಡಿಯೋದಲ್ಲಿ ಅಪ್ಪನ ದನಿ ಬರುತ್ತಿತ್ತು. "ಬಿಚ್ಚಿತವ್ವಾ." ಅಷ್ಟೇ. ಭೇಷ್ ಎನ್ನಬಾರದೇ ಎಂದು ಅವಳಿಗೆ ಅನಿಸುತ್ತಿತ್ತು. ಸೋತ ಸೇನಾಧಿಕಾರಿಗೆ ಅಷ್ಟು ಮಾತು ಹೊರಡುವುದೇ ಹೆಚ್ಚು ಎಂದುಕೊಂಡು ಸುಮ್ಮನಾಗುತ್ತಿದ್ದಳು.

ಹೋದ ವರ್ಷ ಸಂಕ್ರಮಣದ ಮರುದಿನ ಅವರು ಊಟಕ್ಕೆ ಕೂತಲ್ಲೇ ಎದೆ ಹಿಡಿದುಕೊಂಡು ಹೋದರು.

ಸತ್ತವರ ದನಿ ಹಿಡಿದಿಡುವ ವಿದ್ಯೆ ಹಳೆಯದು. ಸತ್ತವರ ಕೈ ಹಿಡಿದಿಡುವ ವಿದ್ಯೆ ಆಗಷ್ಟೇ ಬಂದಿತ್ತು. ಪೈಲಟ್ ಹಾಕುವ ಕೈಗವಸಿನಲ್ಲಿ ಕೂದಲಿನಷ್ಟು ಸಣ್ಣ ತಂತಿಗಳಿರುತ್ತವೆ. ಬೆರಳು ಎಷ್ಟು ಬಿಗಿಯಿತು, ಎಷ್ಟು ಸಡಿಲಾಯಿತು, ಆ ಹೊತ್ತಿನಲ್ಲಿ ಕಣ್ಣು ಎಲ್ಲಿ ನೆಟ್ಟಿತ್ತು, ಎಲ್ಲವನ್ನೂ ಸೀಟಿನ ಕೆಳಗಿನ ಒಂದು ಪೆಟ್ಟಿಗೆ ವರ್ಷಗಟ್ಟಲೆ ಕಲಿಯುತ್ತದೆ. ಪೈಲಟ್ ಇಲ್ಲದ ದಿನ ಅದೇ ವಿಮಾನ ಹಾರಿಸುತ್ತದೆ, ಆತ ಹಾರಿಸಿದ ಹಾಗೆಯೇ. ಜನ ಅದನ್ನು ಕೈಪೆಟ್ಟಿಗೆ ಎಂದು ಕರೆದರು. ಸತ್ತವರನ್ನು ಹತ್ತು ಕಡೆ ದುಡಿಸಬಾರದೆಂದು ಸರಕಾರ ಕಾನೂನನ್ನೂ ಮಾಡಿತ್ತು. ಒಬ್ಬರಿಗೆ ಒಂದೇ ಪೆಟ್ಟಿಗೆ, ನಕಲು ಇಲ್ಲ, ಕಲಿತು ಮುಗಿದ ಮೇಲೆ ಮೂಲ ದಾಖಲೆಯೂ ಉಳಿಯಬಾರದು. ಪೆಟ್ಟಿಗೆಗೆ ಕೈ ಹಚ್ಚಬೇಕಾದರೆ ವಾರಸುದಾರರಲ್ಲಿ ಒಬ್ಬರು ಒಪ್ಪಬೇಕು.

ಹೀಗೆ ಹೊನವಾಡ ಸಾಹೇಬರು ಸತ್ತ ಮೇಲೂ ಭಾನುವಾರ ತಪ್ಪಿಸಲಿಲ್ಲ. ಪೆಟ್ಟಿಗೆಗೆ ದನಿ ಇಲ್ಲದ್ದರಿಂದ ರೇಡಿಯೋ ಮಾತ್ರ ಸುಮ್ಮನಿತ್ತು.

ಆ ವಿಮಾನ ಪಂದ್ಯ ಮುಗಿಸಿ ಹೋಗುತ್ತಿದ್ದುದು ಊರಂಚಿನ ಒಂದು ಮಾಳಿಗೆಮನೆಯ ಮೇಲೆ. ಅದು ಅವರದೇ ಮನೆ. ಹೆಂಡತಿ ಮಹಾನಂದಾ ಮಾಳಿಗೆಯ ಮೇಲೆ ನಿಂತಿರುತ್ತಿದ್ದಳು. ಮನೆ ಹತ್ತಿರಾದಂತೆ ಎಂಜಿನ್ನಿನ ಸದ್ದು ತುಸು ತಗ್ಗಿ, ಎಡರೆಕ್ಕೆ ಒಮ್ಮೆ ಬಾಗುತ್ತಿತ್ತು. ಆಗ ಆಕೆ ಕೆಳಗಿಳಿದು ಚಹಾಕ್ಕೆ ನೀರಿಡಬೇಕು. ಜೀಪಿನಲ್ಲಿ ಗಂಡ ಬರುವ ಹೊತ್ತಿಗೆ ಚಹಾ ಕುದಿದು ಹದವಾಗಿರಬೇಕು. ಅದು ಅವರ ಲಗ್ನದಷ್ಟೇ ಹಳೆಯ ರೂಢಿ. ಗಂಡ ಯಾವ ಊರಿನ ಯಾವ ನೆಲೆಯಲ್ಲಿದ್ದರೂ ಕ್ವಾರ್ಟರ್ಸಿನ ಮೇಲೆ ರೆಕ್ಕೆ ಬಾಗಿಸದೆ ಇಳಿದವರಲ್ಲ.

ಪೆಟ್ಟಿಗೆಯೂ ಬಾಗಿಸಿತು. ಮಹಾನಂದಾ ಚಹಾಕ್ಕೆ ನೀರಿಟ್ಟಳು. ಎರಡು ಕಪ್ಪು ಸೋಸಿ, ಒಂದನ್ನು ತಾನು ಕುಡಿದು, ಇನ್ನೊಂದಕ್ಕೆ ಬಸಿ ಮುಚ್ಚಿಟ್ಟಳು. ಮಣ್ಣು ಮಾಡಿ ಬಂದದ್ದು ನಿಜ, ಆದರೆ ಸತ್ತವರನ್ನು ಕೊನೆಯದಾಗಿ ಬೀಳ್ಕೊಡುವ ಶಿವಗಣಾರಾಧನೆಯ ಮಾತೆತ್ತಿದರೆ ಸಾಕು, ಮುಂದಿನ ತಿಂಗಳು ನೋಡೋಣ ಎನ್ನುತ್ತಿದ್ದಳು. ಮುಂದಿನ ತಿಂಗಳು ಬರುತ್ತಿತ್ತು, ಹೋಗುತ್ತಿತ್ತು. ಬೀಗರು ಬಿಜ್ಜರು ಆಡಿಕೊಂಡರು. ದಾನಮ್ಮ ತಾಯಿಯನ್ನು ಒತ್ತಾಯಿಸಲಿಲ್ಲ. ಆ ತಣ್ಣಗಾದ ಎರಡನೇ ಕಪ್ಪನ್ನು ಭಾನುವಾರ ರಾತ್ರಿ ತಾನೇ ಕುಡಿದುಬಿಡುತ್ತಿದ್ದಳು, ತಾಯಿ ಅದನ್ನು ನೋಡಿಯೂ ನೋಡದಂತಿರುತ್ತಿದ್ದಳು. ನಿಜ ಹೇಳಬೇಕೆಂದರೆ ಆ ಮನೆಯಲ್ಲಿ ದುಃಖಕ್ಕೆ ಒಂದು ಒಪ್ಪಂದವಾಗಿತ್ತು, ಅದು ನಡೆದುಕೊಂಡು ಹೋಗುತ್ತಿತ್ತು.

ಕೆಡಿಸಿದ್ದು ಒಂದು ತಪಾಸಣೆ.

ಹಾರಾಟದ ಸುರಕ್ಷತೆ ನೋಡುವವರು ಬಂದು ಪೆಟ್ಟಿಗೆಯ ಹಾರಾಟ ಪರೀಕ್ಷಿಸಿ ಒಂದು ಪ್ರಶ್ನೆ ಕೇಳಿ ಹೋದರು: ಓಟದ ಕೊನೆಯ ಕಾಲುಭಾಗದಲ್ಲಿ ಈ ಪೆಟ್ಟಿಗೆ ಎಂಜಿನ್ನಿನ ಬಲ ಏಕೆ ತಗ್ಗಿಸುತ್ತದೆ? ಪೆಟ್ಟಿಗೆಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ಇಮ್ತಿಯಾಜ್ ಮುಲ್ಲಾ ವಾರವಿಡೀ ಹ್ಯಾಂಗರಿನ ಪಕ್ಕದ ತನ್ನ ಕೋಣೆಯಲ್ಲಿ ಪರದೆಗಳ ಮುಂದೆ ಕೂತ. ಆಮೇಲೆ ದಾನಮ್ಮನನ್ನು ಕರೆಸಿದ. ಸಾಹೇಬರು ಇದ್ದಾಗಿನಿಂದ ಅವಳನ್ನು ಅಕ್ಕ ಎಂದೇ ಕರೆದವನು, ಈಗ ಅವಳ ಮುಖ ನೋಡದೆ ಪರದೆಯ ಮೇಲೆ ಬೆರಳಾಡಿಸುತ್ತಿದ್ದ.

"ಅಕ್ಕಾರ, ಇದು ಪೆಟ್ಟಿಗಿ ತಪ್ಪಲ್ರಿ. ಸಾಹೇಬ್ರೇ ಹಂಗ ಹಾರಸ್ತಿದ್ರು."

ಅವಳಿಗೆ ಮೊದಲು ಅರ್ಥವಾಗಲಿಲ್ಲ. ಅವನು ಬಿಡಿಸಿ ಹೇಳಿದ. ಪೆಟ್ಟಿಗೆ ಹೊಸದೇನನ್ನೂ ಕಂಡುಹಿಡಿಯುವುದಿಲ್ಲ, ಕಲಿಸಿದ್ದನ್ನು ಮಾಡುತ್ತದೆ. ಅದು ಕಲಿತಿರುವುದನ್ನು ನೋಡಿದರೆ ನಾಲ್ಕು ವರ್ಷ, ಪ್ರತಿ ಪಂದ್ಯದಲ್ಲಿ, ಲಾರಿಯನ್ನು ಹಿಂದೆ ಹಾಕುವಷ್ಟು ಬಲ ಇದ್ದಾಗಲೇ ಎಂಜಿನ್ನಿನ ಬಲ ನಡೆಸುವ ಸಾಹೇಬರ ಎಡಗೈ ಸಡಿಲಾಗುತ್ತಿತ್ತು. ಪಂದ್ಯ ಮುಗಿದ ಮೇಲೆ ಮತ್ತೆ ಬಿಗಿಯಾಗುತ್ತಿತ್ತು. ಆ ಹೊತ್ತಿನಲ್ಲಿ ಕಣ್ಣು ಗೆಲುವಿನ ಗೆರೆಯ ಮೇಲೆ ಇರುತ್ತಿರಲಿಲ್ಲ, ಅವಳ ಲಾರಿಯ ಹಿಂಬದಿಯ ಮೇಲೆ ನೆಟ್ಟಿರುತ್ತಿತ್ತು. ಎಷ್ಟು ಹಿಂದೆ ಉಳಿಯಬೇಕೆಂದು ಅಳೆಯುತ್ತಿದ್ದರೇನೋ ಎಂದು ಇಮ್ತಿಯಾಜ್ ಮೆಲ್ಲಗೆ ಸೇರಿಸಿದ.

"ಅಂದ್ರ ನಾ ಒಮ್ಮಿನೂ ಗೆದ್ದಿಲ್ಲ."

ಇಮ್ತಿಯಾಜ್ ಪರದೆ ಆರಿಸಿದ. ಮೇಳದ ಜನ ಅವರು. ಆಟ ಎಂದರೆ ಸೋಲಿಸುವುದು ಅಥವಾ ಸೋತುಕೊಡುವುದು, ಮೂರನೆಯದೊಂದು ಇದ್ದೀತೆಂದು ಇಬ್ಬರ ತಲೆಗೂ ಹೊಳೆಯಲಿಲ್ಲ.

ದಾನಮ್ಮ ಆ ದಿನ ಲಾರಿಯ ಕೆಳಗೆ ಮಲಗಿ, ಸಡಿಲಾಗದ ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿದಳು. ಅಪ್ಪ ಸತ್ತಾಗ ಬಾರದ ಸಿಟ್ಟು ಈಗ ಬಂತು. ಆಣೆ ಹಾಕಿದ್ದವರು, ನಕ್ಕು ಹಾಕಿದ್ದರು. ಕಿವಿ ಮಂದವೆಂದು ಕಳಿಸಿದ ವೈದ್ಯರಾದರೂ ಮುಖಕ್ಕೆ ಹೇಳಿದ್ದರು. ಇವರು ಆಟಿಕೆ ಕೊಟ್ಟು ಮಗುವನ್ನು ಸುಮ್ಮನಾಗಿಸಿದಂತೆ ನಾಲ್ಕು ವರ್ಷ ಗೆಲುವು ಕೊಟ್ಟು ಸುಮ್ಮನಾಗಿಸಿದ್ದರು. ಬದುಕಿನಲ್ಲಿ ನನ್ನದು ಎಂದುಕೊಂಡಿದ್ದ ಒಂದೇ ಒಂದು ವಸ್ತು ಭಿಕ್ಷೆಯಾಗಿತ್ತು. ಬದುಕಿದ್ದರೆ ಜಗಳವಾಡಬಹುದಿತ್ತು. ಸತ್ತವರ ಜೊತೆ ಜಗಳವಾಡುವುದು ಹೇಗೆ?

ಹೇಗೆ ಎಂಬುದು ಮೂರನೆಯ ದಿನ ಹೊಳೆಯಿತು. ಅವಳು ಇಮ್ತಿಯಾಜನ ಕೋಣೆಗೆ ಹೋಗಿ ಆ ಸಡಿಲಿಕೆಯನ್ನು ಪೆಟ್ಟಿಗೆಯಿಂದ ತೆಗೆದುಬಿಡು ಎಂದಳು.

ತಪಾಸಣೆಯವರಿಗೆ ಪೈಲಟ್ಟಿನ ರೂಢಿ ಎಂದು ಉತ್ತರ ಕೊಟ್ಟರೆ ಸಾಕು, ತೆಗೆಯಲೇಬೇಕೆಂದಿಲ್ಲ ಎಂದು ಅವನು ಹೇಳಿದ. ಅವಳು ಕೇಳಲಿಲ್ಲ. ಆಗ ಅವನು ತೆಗೆಯುವ ಕೆಲಸ ಎಂಥದೆಂದು ವಿವರಿಸಿದ. ಪೆಟ್ಟಿಗೆಯೊಳಗೆ ಇದು ಈ ರೂಢಿ, ಇದು ಆ ರೂಢಿ ಎಂದು ಬೇರೆ ಬೇರೆ ಖಾನೆಗಳಿಲ್ಲ. ಸುಳ್ಳು ಪಂದ್ಯಗಳನ್ನು ಸಾವಿರಗಟ್ಟಲೆ ತೋರಿಸಿ, ಕೈ ಸಡಿಲಿಸಿದಾಗಲೆಲ್ಲ ತಪ್ಪು ತಪ್ಪು ಎಂದು ಹೇಳಿ ಹೇಳಿ ಮರೆಸಬೇಕು.

"ನೇಯ್ದ ಸೀರಿ ಇದ್ದಂಗ್ರಿ ಅಕ್ಕಾರ. ಒಂದ್ ಎಳಿ ಎಳದ್ರ ಜೋಡಿ ಯಾವ ಎಳಿ ಬರತೈತಿ ಅಂತ ನಾ ಹೇಳಾಕ ಬರೂದಿಲ್ಲ. ಹೊಳ್ಳಿ ಹಾಕಾಕೂ ಬರೂದಿಲ್ಲ. ಅಮ್ಮಾರನ್ನ ಒಂದ್ ಮಾತ್ ಕೇಳ್ರಿ."

ವಾರಸುದಾರರಲ್ಲಿ ಒಬ್ಬರು ಸಾಕಲ್ಲ, ನಾನೇ ಒಪ್ಪುತ್ತೇನೆ ಎಂದಳು ದಾನಮ್ಮ. ಅಪ್ಪ ಮಾಡಿದ್ದನ್ನು ತಾಯಿಗೆ ಹೇಳಿದರೆ ಆಕೆ ನಕ್ಕುಬಿಡುತ್ತಾಳೆ, ಮಗಳ ಮೇಲೆ ಎಷ್ಟು ಜೀವ ನೋಡು ಎನ್ನುತ್ತಾಳೆ ಎಂಬ ಭಯ ಅವಳಿಗೆ. ಆ ಮಾತನ್ನು ಕೇಳುವ ಶಕ್ತಿ ಇರಲಿಲ್ಲ. ತನಗೆ ಬೇಕಿದ್ದುದು ಒಂದೇ ಒಂದು ನಿಜವಾದ ಪಂದ್ಯ. ಸೋತರೂ ಸರಿಯೇ. ಇಮ್ತಿಯಾಜ್ ಒಲ್ಲದ ಮನಸ್ಸಿನಿಂದಲೇ ಪೆಟ್ಟಿಗೆಗೆ ಆ ಸಡಿಲಿಕೆ ಮರೆಸಿದ.

ಆ ಶನಿವಾರ ಹಲಗೆಯ ಮೇಲೆ ಬರೆದಳು, ಭಾನುವಾರ ನಿಂಬೆಹಣ್ಣು ಇಟ್ಟಳು, ಬಲಗಿವಿಗೆ ರೇಡಿಯೋ ಸಿಕ್ಕಿಸಿದಳು. ಬಿಳಿಗೆರೆಯ ಮೇಲೆ ಸದ್ದು ಬಿತ್ತು. ಹಣ್ಣು ಅಪ್ಪಚ್ಚಿಯಾಯಿತು, ಬೆನ್ನು ಸೀಟಿಗೆ ಅಂಟಿತು, ರನ್‌ವೇಯ ಎರಡೂ ಅಂಚುಗಳು ಕಲಸಿಹೋದವು. ಅವಳು ಹಿಂದೆಂದೂ ಅಷ್ಟು ಚೆನ್ನಾಗಿ ಓಡಿಸಿರಲಿಲ್ಲ. ಬಲಗಡೆಯಿಂದ ನೆರಳು ಬಂತು, ಬಾನೆಟ್ಟಿನ ಮೇಲೆ ಮೂಗು ಇಟ್ಟಿತು. ಅವಳ ಮೈ ಅಭ್ಯಾಸಬಲದಿಂದ ಅದು ಅಲ್ಲೇ ನಿಲ್ಲುವುದೆಂದು ಕಾಯಿತು. ನೆರಳು ನಿಲ್ಲಲಿಲ್ಲ. ಬಾನೆಟ್ಟು ದಾಟಿ, ಗಾಜು ಕತ್ತಲಾಗಿ ಬೆಳಗಾಗುವಷ್ಟರಲ್ಲಿ ಮುಂದೆ ಹೋಗಿತ್ತು. ಗೆರೆಯ ಹತ್ತಿರ ಬರುವಾಗ ಮುದುಕ ಅವಳೆದುರು ಆಕಾಶದಲ್ಲಿ ಕಾಗೆಯಷ್ಟಾಗಿದ್ದ.

ದಾನಮ್ಮ ಸನ್ನೆಕೋಲು ಎಳೆದಳು. ಪ್ಯಾರಾಚೂಟು ಬಿಚ್ಚಿ ಸೀಟಿನ ಪಟ್ಟಿ ಹೆಗಲಿಗೆ ಕಚ್ಚುವ ತನಕ ಒಂದು ಕ್ಷಣ ಇರುತ್ತದೆ. ಆ ಕ್ಷಣ ಅಷ್ಟು ಉದ್ದವೆಂದು ಅವಳಿಗೆ ಎಂದೂ ಗೊತ್ತಾಗಿರಲಿಲ್ಲ.

ಜನ ಹುಚ್ಚೆದ್ದು ಕೂಗುತ್ತಿದ್ದರು. ನಾಲ್ಕೈದು ವರ್ಷ ಲಾರಿಯ ಗೆಲುವು ನೋಡಿ ಬೇಸತ್ತವರಿಗೆ ಮುದುಕ ಗೆದ್ದದ್ದು ಹಬ್ಬವಾಗಿತ್ತು. ಪಾಟಣಕರ ಓಡಿಬಂದು, ಇದು ಹೀಗೆಯೇ ಇರಲಿ, ಮುಂದಿನ ವಾರ ಜನ ಇಮ್ಮಡಿಯಾಗುತ್ತಾರೆ ಎಂದ. ಸೋತವಳ ಎದೆಯಲ್ಲಿ ಸಮಾಧಾನವಿತ್ತು. ಅಪ್ಪನೊಡನೆ ಕಡೆಗೂ ಜಗಳವಾಡಿ ಮುಗಿಸಿದ ಹಾಗೆ ಹಗುರಾಗಿದ್ದಳು. ಆ ಹಗುರು ಮನೆ ಮುಟ್ಟುವ ತನಕ ಇತ್ತು.

ಮನೆಯಲ್ಲಿ ಒಲೆ ಹೊತ್ತಿರಲಿಲ್ಲ. ಮಹಾನಂದಾ ಇನ್ನೂ ಮಾಳಿಗೆಯ ಮೇಲೆ, ಪಶ್ಚಿಮಕ್ಕೆ ಮುಖಮಾಡಿ ನಿಂತಿದ್ದಳು.

"ಇವತ್ತ ಅವರು ನಮ್ಮನಿ ಕಡೆ ನೋಡ್ಲಿಲ್ಲ," ಎಂದಳು. "ಸದ್ದು ತಗ್ಗಲಿಲ್ಲ, ರೆಕ್ಕಿ ಬಾಗಲಿಲ್ಲ. ಯಾರದೋ ವಿಮಾನ ಹೋದಂಗ ಹೋತು."

ಒಂದು ಎಳೆ ಎಳೆದರೆ ಜೊತೆಗೆ ಯಾವ ಎಳೆ ಬರುತ್ತದೋ ಎಂದು ಇಮ್ತಿಯಾಜ್ ಹೇಳಿದ್ದು ಈಗ ದಾನಮ್ಮನ ಕಿವಿಗೆ ಬಿತ್ತು. ಲಾರಿಯನ್ನು ಕಂಡು ಸಡಿಲಾಗುತ್ತಿದ್ದ ಕೈಯೂ ಮನೆಯನ್ನು ಕಂಡು ಸಡಿಲಾಗುತ್ತಿದ್ದ ಕೈಯೂ ಒಂದೇ ಆಗಿತ್ತು. ಕೆಳಗೆ ತನ್ನವರಿದ್ದಾರೆಂದು ತಗ್ಗುವ ಕೈ. ಅದನ್ನು ತಪ್ಪು ತಪ್ಪು ಎಂದು ಸಾವಿರ ಸಲ ಹೇಳಿ ಮರೆಸಿದ್ದರು.

ಮುಚ್ಚಿಡಲು ಆಗಲಿಲ್ಲ. ತಪಾಸಣೆಯಿಂದ ಹಿಡಿದು ಎಲ್ಲವನ್ನೂ ಹೇಳಿದಳು. ಅಪ್ಪ ಬೇಕೆಂದೇ ಸೋಲುತ್ತಿದ್ದರು, ನನ್ನನ್ನು ಸುಳ್ಳುಸುಳ್ಳೇ ಗೆಲ್ಲಿಸುತ್ತಿದ್ದರು, ಅದಕ್ಕೇ ತೆಗೆಸಿದೆ ಎಂದಳು. ತಾಯಿ ಬೈಯುತ್ತಾಳೆಂದುಕೊಂಡಿದ್ದಳು. ಮಹಾನಂದಾ ಬೈಯಲಿಲ್ಲ.

"ನಿಮ್ಮಪ್ಪಾರು ಯಾರಿಗೂ ಸೋತುಕೊಟ್ಟೋರಲ್ಲ. ಲಗ್ನಾದ ಹೊಸದಾಗ ಪಗಡಿ ಆಡಿದ್ರ ನನಗೂ ಒಂದ್ ಆಟ ಬಿಟ್ಟುಕೊಡ್ಲಿಲ್ಲ. ನೀ ಅಳ್ತಿದ್ದಿ ಸಣ್ಣಾಕಿದ್ದಾಗ, ಆದ್ರೂ ಬಿಡ್ಲಿಲ್ಲ."

"ಮತ್ತ ಹಿಂದ ಯಾಕ ಉಳಿತಿದ್ರು?"

"ಛತ್ರಿ ಬಿಚ್ಚತೈತೋ ಇಲ್ಲೋ ನೋಡಾಕ."

ಆಮೇಲೆ ತಾಯಿ ಹೇಳಿದ್ದಿಷ್ಟು. ಹಳೆಯ ಯುದ್ಧವಿಮಾನಗಳು ಇಳಿಯುವಾಗಲೂ ಬಾಲದಲ್ಲಿ ಪ್ಯಾರಾಚೂಟು ಬಿಚ್ಚಿ ನಿಲ್ಲಬೇಕಿತ್ತು. ತನ್ನ ಬಾಲ ತನಗೆ ಕಾಣದು. ಹಾಗಾಗಿ ಹಿಂದೆ ಬರುವವನು ನೋಡಿ, ಬಿಚ್ಚಿತು ಎಂದು ರೇಡಿಯೋದಲ್ಲಿ ಹೇಳುವುದು ಅವರ ದಳದ ಪದ್ಧತಿ. ಬಿಚ್ಚದಿದ್ದರೆ ಎರಡನೆಯ ಉಪಾಯಕ್ಕೆ ಇರುವ ಹೊತ್ತು ಕಣ್ಣುರೆಪ್ಪೆ ಬಡಿಯುವಷ್ಟು. ಲಗ್ನದ ಮರುವರ್ಷ, ಯಾವುದೋ ಹುರುಪಿನಲ್ಲಿ ಹೊನವಾಡ ಸಾಹೇಬರು ಮುಂದಿನ ವಿಮಾನವನ್ನು ದಾಟಿ ಹೋಗಿಬಿಟ್ಟಿದ್ದರು. ಅದರಲ್ಲಿದ್ದ ಗೆಳೆಯನ ಪ್ಯಾರಾಚೂಟು ಬಿಚ್ಚಲಿಲ್ಲ, ಹೇಳಲು ಹಿಂದೆ ಯಾರೂ ಇರಲಿಲ್ಲ, ಗೆಳೆಯ ಉಳಿಯಲಿಲ್ಲ. ಅಂದಿನಿಂದ ಅವರು ತಮ್ಮ ಮುಂದೆ ಓಡುವ ಯಾರನ್ನೂ, ಪ್ಯಾರಾಚೂಟು ಕಣ್ಣಿಗೆ ಬೀಳುವ ತನಕ, ದಾಟಲಿಲ್ಲ.

"ಪಂದ್ಯದ ಮಾತ ಬಂದ್ರ ನಗತಿದ್ರು. ಮಗಳು ಗೆಲ್ಲಲಿ ಬಿಡಲಿ, ಹಿಂದ ಒಬ್ರು ಇರಬೇಕು ಅಂತಿದ್ರು. ನಿನಗ ಗೊತ್ತೈತಿ ಅಂದ್ಕೊಂಡಿದ್ದೆ ನಾ. ಪ್ರತಿ ಸಲ ಹೇಳ್ತಿದ್ರಲ್ಲ ನಿನಗ."

ಹೌದು, ಹೇಳುತ್ತಿದ್ದರು. ಒಳ್ಳೆಯ ಕಿವಿಗೇ ಹೇಳುತ್ತಿದ್ದರು. ದನಿ ಹೋದ ಮೇಲೆ ನೆರಳಿನ ರೆಕ್ಕೆ ಅಲುಗಿಸಿ ಹೇಳುತ್ತಿದ್ದರು. ದಾನಮ್ಮ ಅದನ್ನು ಸೋತವರ ಸಲಾಮು ಎಂದುಕೊಂಡಿದ್ದಳು.

ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ? ಆದರೂ ಮರುದಿನ ಬೆಳಿಗ್ಗೆ ಅವಳು ಇಮ್ತಿಯಾಜನ ಬಾಗಿಲಿಗೆ ಹೋದಳು. ಅವನು ಪೆಟ್ಟಿಗೆ ತೆರೆದು, ಇದ್ದಬದ್ದ ಪರೀಕ್ಷೆಗಳನ್ನೆಲ್ಲ ಮಾಡಿ ನೋಡಿದ. ಮನೆ ತೋರಿಸಿದ, ಲಾರಿ ತೋರಿಸಿದ, ಅವಳ ಮುಖವನ್ನೂ ತೋರಿಸಿದ. ಪರದೆಯ ಮೇಲಿನ ಗೆರೆ ಸಮನಾಗಿ ಹೋಗುತ್ತಲೇ ಇತ್ತು. ಮೂಲ ದಾಖಲೆ ಕಾನೂನಿನ ಪ್ರಕಾರ ಎಂದೋ ಅಳಿಸಿತ್ತು. ಹೊಸದಾಗಿ ಸಡಿಲಿಸಲು ಕಲಿಸಬಹುದು, ಆದರೆ ಅದು ನಾನು ಕಲಿಸಿದ್ದಾಗುತ್ತದೆ, ಸಾಹೇಬರದಾಗುವುದಿಲ್ಲ ಎಂದು ಅವನು ಹೇಳಿದ. ಹೇಳುವಾಗ ಅವನ ಕಣ್ಣಲ್ಲಿ ನೀರಿತ್ತು. ಅಂಥ ನಕಲನ್ನು ತಾಯಿಯ ಮಾಳಿಗೆಯ ಮೇಲೆ ಹಾರಿಸುವ ಧೈರ್ಯ ದಾನಮ್ಮನಿಗೆ ಬರಲಿಲ್ಲ.

ಮನೆಗೆ ಬಂದಾಗ ಮಹಾನಂದಾ ಗಂಡನ ಕಪ್ಪುಬಸಿಯನ್ನು ತೊಳೆದು, ಒರೆಸಿ, ಮೇಲಿನ ಹಲಗೆಯ ಮೇಲೆ ಹಿತ್ತಾಳೆಯ ಪಾತ್ರೆಗಳ ಹಿಂದೆ ಇಡುತ್ತಿದ್ದಳು.

"ನಾಳೆ ಮಠಕ್ಕ ಹೋಗಿ ಅಯ್ಯನೋರಿಗೆ ಹೇಳಿ ಬಾ," ಎಂದಳು. "ಶಿವಗಣಾರಾಧನಿ ಮಾಡಿಬಿಡೂಣು."

ಗಣಾರಾಧನೆಗೆ ಬೀಗರು ಬಿಜ್ಜರು ಎಲ್ಲ ಬಂದರು. ಹೋಳಿಗೆ ಚೆನ್ನಾಗಿತ್ತು ಎಂದರು. ತಡವಾದರೂ ಆಯಿತಲ್ಲ, ಇನ್ನು ಆತ್ಮಕ್ಕೆ ಶಾಂತಿ ಎಂದರು. ಮಹಾನಂದಾ ಎಲ್ಲರಿಗೂ ಕೈಮುಗಿದು ಕಳಿಸಿದಳು. ಆಮೇಲೆ ಆಕೆ ಮಾಳಿಗೆ ಹತ್ತುವುದನ್ನೇ ಬಿಟ್ಟಳು. ಭಾನುವಾರ ಸದ್ದು ಮನೆಯ ಮೇಲೆ ಹಾದುಹೋದರೆ ತಲೆ ಎತ್ತುತ್ತಿರಲಿಲ್ಲ, ರೊಟ್ಟಿ ಬಡಿಯುತ್ತಿದ್ದರೆ ಬಡಿಯುತ್ತಲೇ ಇರುತ್ತಿದ್ದಳು. ಮಗಳ ಜೊತೆ ಮಾತು ಬಿಟ್ಟವಳಲ್ಲ, ಹೊತ್ತುಹೊತ್ತಿಗೆ ಉಣಬಡಿಸುತ್ತಿದ್ದಳು. ಗಂಡನ ಹೆಸರು ಮಾತ್ರ ಮತ್ತೆ ಎತ್ತಲಿಲ್ಲ.

ಮೇಳಕ್ಕೆ ಜನ ಇಮ್ಮಡಿಯಾದರು, ಪಾಟಣಕರ ಹೇಳಿದಂತೆಯೇ. ದಾನಮ್ಮ ಕೆಲಸ ಬಿಡಲಿಲ್ಲ. ಬಿಟ್ಟು ಮಾಡುವುದಾದರೂ ಏನು? ಶನಿವಾರ ಹಲಗೆ ಬರೆಯುತ್ತಾಳೆ, ಭಾನುವಾರ ಚಕ್ರದ ಕೆಳಗೆ ಹಣ್ಣು ಇಡುತ್ತಾಳೆ. ನೆರಳು ಬರುತ್ತದೆ, ಅವಳ ಬಾನೆಟ್ಟು ದಾಟುತ್ತದೆ, ಎದುರಿನ ಬೆಳಕಿನಲ್ಲಿ ಸಣ್ಣದಾಗುತ್ತ ಹೋಗುತ್ತದೆ. ಅವಳು ಸನ್ನೆಕೋಲು ಎಳೆಯುತ್ತಾಳೆ. ಪಟ್ಟಿ ಹೆಗಲಿಗೆ ಕಚ್ಚುವ ತನಕದ ಆ ಒಂದು ಕ್ಷಣ ಬಲಗಿವಿ ರೇಡಿಯೋಕ್ಕೆ ಅಂಟಿಕೊಂಡಿರುತ್ತದೆ. ಪಟ್ಟಿ ಕಚ್ಚಿದ ಮೇಲೆ, ಬಿಚ್ಚಿತು ಎಂದು ತನಗೆ ತಾನೇ ಹೇಳಿಕೊಳ್ಳುತ್ತಾಳೆ. ಹಿಂದೆ ಯಾರೂ ಇರುವುದಿಲ್ಲ.